ಅಂಕಮ್ಮನ ಹದಿನಾಲ್ಕು ಮಿಲಿಮೀಟರ್

ನಮ್ಮತ್ತೆ ಅಂಕಮ್ಮ ಬಾಯಿ ತೆಗೆದರೆ ಹಂದನಕೆರೆಯ ಗಂಡಸರೂ ಗಪ್‌ಚಿಪ್. ಅವರಿಗೆ ಮುಟ್ಟು ನಿಂತು ಎಂಟು ವರ್ಷವಾಗಿತ್ತು. ಅಂಥವರು ಒಂದು ಬೆಳಿಗ್ಗೆ ಒಲೆಯ ಹತ್ತಿರ ಬರದೆ, ತಟ್ಟೆ ಲೋಟ ಬೇರೆ ಇಟ್ಟುಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದರು.

"ಯಾಕತ್ತೆ, ಇಲ್ಲಿ ಕೂತಿದ್ದೀರಿ?"

"ಮತ್ತೆ ಹೊರಗಾದೆ ಕಣೇ ನಯನ. ಅಟ್ಟದಿಂದ ಕಾಯಿ ಇಳಿಸಿದ್ನಲ್ಲ, ಮೈ ಉಷ್ಣ ಆಗೈತೆ. ಮೂರು ದಿನ ಕೂತ್ರೆ ಸರಿಹೋಯ್ತದೆ ಬುಡು."

ಕೂತರೆ ಸರಿಹೋಗುತ್ತದಂತೆ! ನನಗೆ ಸಿಟ್ಟು ನೆತ್ತಿಗೇರಿತು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಹೇಳಿದ್ದು ಇವರ ಕಿವಿಗೆ ಬಿದ್ದೇ ಇರಲಿಲ್ಲ.

"ಮುಟ್ಟು ನಿಂತಮೇಲೆ ಬರೋ ರಕ್ತ ಮುಟ್ಟಲ್ಲ ಅತ್ತೆ. ಏಳಿ, ತಿಪಟೂರಿಗೆ ಹೋಗಿ ತೋರಿಸೋಣ."

"ಗಂಗರಾಜುಗೆ ಏನಂತ ಹೇಳ್ತೀಯೇ? ಮಗನ ಮುಂದೆ ಮಾನ ಹೋಯ್ತದೆ."

ಗಂಗರಾಜು ಅಂದರೆ ನನ್ನ ಗಂಡ.

"ಮಾನ ಹಾಳಾಗ್ಲಿ, ನೀವಿರಬೇಕಲ್ಲ!" ಎಂದು ಕೂಗಿಬಿಟ್ಟೆ. ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅತ್ತೆ ತೆಪ್ಪಗೆ ಎದ್ದು ಸೀರೆ ಬದಲಾಯಿಸಿದರು.

ತಿಪಟೂರಿನಲ್ಲಿ ಡಾಕ್ಟರ್ ಭಾನುಪ್ರಿಯಾ ಸ್ಕ್ಯಾನ್ ಮಾಡಿ ಪರದೆ ತೋರಿಸಿದರು. "ಇದು ಗರ್ಭಕೋಶದ ಒಳಪದರ ಅಮ್ಮ. ಮುಟ್ಟು ನಿಂತೋರಿಗೆ ನಾಲ್ಕು ಮಿಲಿಮೀಟರ್ ಒಳಗಿದ್ರೆ ಅಷ್ಟು ಭಯ ಇಲ್ಲ. ನಿಮ್ಮದು ಹದಿನಾಲ್ಕಿದೆ. ದಪ್ಪ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

ಕ್ಯಾನ್ಸರೇ ಆಗಿತ್ತು. ಪುಣ್ಯಕ್ಕೆ, ಗರ್ಭಕೋಶ ದಾಟಿರಲಿಲ್ಲ. ಆಪರೇಷನ್ ಮಾಡಿ ತೆಗೆದರು. ಇನ್ನು ತಪಾಸಣೆಗೆ ಬರುತ್ತಿದ್ದರೆ ಸಾಕು ಎಂದು ಡಾಕ್ಟರ್ ಹೇಳಿದಾಗ, ಆಸ್ಪತ್ರೆಯ ಬಾಗಿಲಲ್ಲೇ ನಿಂತು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ, ನಮ್ಮಂಗಳದಲ್ಲಿ ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ತೆಗೆಯುತ್ತಿದ್ದರು, ಗಂಡಸರು ಚೀಲ ತುಂಬುತ್ತಿದ್ದರು. "ಅಂಕಮ್ಮಂಗೆ ಅದೇನೋ ಹೊಟ್ಟೆನೋವಂತೆ" ಎಂದು ಯಾರೋ ಪಿಸುಗುಟ್ಟಿದರು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಹೊಟ್ಟೆನೋವಲ್ಲ ಕಣ್ರೇ, ಗರ್ಭಕೋಶದ ಕ್ಯಾನ್ಸರ್ರು! ಮುಟ್ಟು ನಿಂತಮೇಲೆ ರಕ್ತ ಕಂಡ್ರೆ ಮೂಲೇಲಿ ಕೂರಬ್ಯಾಡಿ, ಸ್ಕ್ಯಾನಿಂಗ್ ಮಾಡ್ಸಿ. ನಾನೂ ಕೂತಿದ್ದೆ, ನನ್ ಸೊಸೆ ಬೈದು ಎಬ್ಬಿಸಿದ್ಲು. ನಂದು ಹದಿನಾಲ್ಕು ಮಿಲಿಮೀಟರ್ ಇತ್ತು!"

ಗಂಡಸರು ಚೀಲ ಬಿಟ್ಟು ಹಿತ್ತಿಲಿಗೆ ಜಾರಿಕೊಂಡರು. ಗಂಗರಾಜು ಮಾತ್ರ ಅಮ್ಮನ ಪಕ್ಕದಲ್ಲಿ ನಿಂತೇ ಇದ್ದ. ನನಗೋ ಜಂಭ ತಡೆಯಲಾಗಲಿಲ್ಲ. ಇಂಥ ಅತ್ತೆ ಈ ಸೀಮೆಯಲ್ಲಿ ಇನ್ಯಾರಿಗಿದ್ದಾರೆ, ಹೇಳಿ?

ಎದುರುಮನೆಯ ಗಂಗಲಕ್ಷ್ಮಿ ಅತ್ತೆಗಿಂತ ದೊಡ್ಡವರು. ಕೈಲಿದ್ದ ಕಾಯಿ ಕೆಳಗಿಟ್ಟು ನನ್ನ ಹತ್ತಿರ ಬಂದರು. ಯಾರಿಗೂ ಕೇಳದ ಹಾಗೆ ಅಂದರು:

"ನಾಳೆ ನನ್ನೂ ತಿಪಟೂರಿಗೆ ಕರ್ಕೊಂಡು ಹೋಗ್ತೀಯೇನವ್ವಾ?"