ದಾಟಿಸಿದ ಮಾತು

"ಏನಂದ್ರು?" ಅಮ್ಮ ತಮ್ಮ ಹ್ಮಾಂಗ್ ಭಾಷೆಯಲ್ಲಿ ಕೇಳಿದಳು.

ಪಾ ಹುವಾ ಟೀಚರ್ ಮುಖ ನೋಡಿದಳು. ಅಮೆರಿಕದ ಸೇಂಟ್ ಪಾಲ್ ಊರಿನ ಆ ಶಾಲೆಯಲ್ಲಿ ಪೋಷಕರ ಸಭೆ ಅಂದರೆ ಹೀಗೇ. ಟೀಚರ್ ಇಂಗ್ಲಿಷಿನಲ್ಲಿ ಹೇಳುವುದು, ಮಗಳು ತನ್ನ ಬಗೆಗಿನ ಮಾತನ್ನು ತಾನೇ ಅಮ್ಮನಿಗೆ ದಾಟಿಸುವುದು. ಮೂರು ವರ್ಷದಿಂದ ದಾಟಿಸಿದ್ದು ಒಂದೇ: ಒಳ್ಳೆ ಹುಡುಗಿ, ಗಲಾಟೆಯಿಲ್ಲ, ಚಿಂತೆ ಬೇಡ.

ಇವತ್ತು ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಒಂದು ಬೀಜಗಣಿತದ ಪರೀಕ್ಷೆ, ನೂರಕ್ಕೆ ನಲವತ್ತೊಂದು. ಇನ್ನೊಂದು, ಬರುವ ವರ್ಷ ಅವಳನ್ನು ಗಣಿತದಲ್ಲಿ ಮುಂದಿರುವ ಮಕ್ಕಳ ಗುಂಪಿಗೆ ಸೇರಿಸುವ ಒಪ್ಪಿಗೆ ಪತ್ರ. ಹಾಲ್ವರ್ಸನ್ ಟೀಚರ್ ಮೊದಲನೆಯದನ್ನು ಎರಡನೆಯದರ ಕೆಳಗೆ ಸರಿಸಿ ನಕ್ಕಿದ್ದರು. "ಅವಸರದಲ್ಲಿ ಬರೆದಿದಾಳೆ ಅಷ್ಟೆ. ಏಷ್ಯಾದ ಮಕ್ಕಳಿಗೆ ನಾವು ಲೆಕ್ಕ ಹೇಳಿಕೊಡ್ಬೇಕಾ? ತಾನೇ ಹಿಡ್ಕೋತಾಳೆ ಬಿಡಿ."

ಒಮ್ಮೆ ತರಗತಿಯಲ್ಲಿ ಪಾ ಹುವಾ ಗೊತ್ತಿಲ್ಲವೆಂದು ಕೈ ಎತ್ತಿದ್ದಳು. "ನಿನಗೇ ಬರಲ್ವಾ?" ಎಂದು ಹಿಂದೆ ಕೂತವರು ನಕ್ಕಿದ್ದರು. ಮತ್ತೆ ಎತ್ತಿರಲಿಲ್ಲ.

ಟೀಚರ್ ತೋರಿಸಿದ ಕಡೆ ಸಹಿ ಹಾಕಲೆಂದು ಅಮ್ಮ ಪೆನ್ನು ತೆಗೆದುಕೊಂಡಳು. ಮೆಣಸಿನ ಸಸಿ ನೆಡುತ್ತಿದ್ದವಳು ಹಾಗೇ ಬಂದಿದ್ದಳು, ಉಗುರಿನಲ್ಲಿ ಮಣ್ಣಿತ್ತು.

"ಅಮ್ಮ, ನನಗೆ ಲೆಕ್ಕ ಬರಲ್ಲ," ಎಂದಳು ಪಾ ಹುವಾ. "ಬರತ್ತೆ ಅಂತಿದಾರೆ ಅವರು. ಬರಲ್ಲ."

ಪೆನ್ನು ನಿಂತಿತು. ಬಾಗಿಲಲ್ಲಿ ಮುಂದಿನ ಸರದಿಯವರು ಕೆಮ್ಮಿದರು.

"ಇಷ್ಟು ದಿನ ಸುಳ್ಳು ಹೇಳಿದ್ಯಾ ನಂಗೆ?"

"ಅವರು ಹೇಳಿದ್ದನ್ನೇ ಹೇಳ್ದೆ."

"ಗಿಣಿ ಸಾಕಿದ ಹಾಗಾಯ್ತು." ಅಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. "ಹೇಳು ಅವರಿಗೆ. ಸಸಿ ಅರ್ಧಕ್ಕೆ ಬಿಟ್ಟು ಬಂದಿದೀನಿ, ಸುಮ್ನೆ ಹೋಗಲ್ಲ ನಾನು."

ಪಾ ಹುವಾ ಟೀಚರ್ ಕಡೆಗೆ ತಿರುಗಿದಳು. "ನಮ್ಮಮ್ಮ ಏನ್ ಹೇಳ್ತಾರೆ ಅಂದ್ರೆ..." ಎಂದವಳು ನಿಲ್ಲಿಸಿದಳು. "ಅಲ್ಲ. ನಾನೇ ಹೇಳ್ತಿದೀನಿ. ನನಗೆ ಇದು ಅರ್ಥ ಆಗಿಲ್ಲ ಮಿಸ್. ಹೇಳಿಕೊಡಿ."

ದನಿ ನಡುಗಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ಅಯ್ಯೋ, ನಿನಗ್ಯಾಕಮ್ಮಾ..." ಟೀಚರ್ ನಗಲು ಹೊರಟರು. ಎದುರಿಗೆ ತಾಯಿಯೂ ನಗಲಿಲ್ಲ, ಮಗಳೂ ನಗಲಿಲ್ಲ. ಟೀಚರ್ ಮುಖ ನಿಧಾನವಾಗಿ ಕೆಂಪಾಯಿತು. ಕೆಳಗಿದ್ದ ಹಾಳೆಯನ್ನು ಎಳೆದುಕೊಂಡು, ಅಂಕ ಬಿಟ್ಟು, ಅದರೊಳಗೆ ಬರೆದಿದ್ದನ್ನು ಓದತೊಡಗಿದರು.

"ಎಲ್ಲಿಂದ ಅರ್ಥ ಆಗ್ಲಿಲ್ಲ?"

"ಇಲ್ಲಿಂದ." ಪಾ ಹುವಾ ಮೊದಲ ಲೆಕ್ಕದ ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

ಟೀಚರ್ ಎದ್ದು, ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದು ತಂದು ಅವಳ ಪಕ್ಕ ಕೂತರು. ಅಮ್ಮನೂ ತನ್ನ ಕುರ್ಚಿಯನ್ನು ಒಂದಿಷ್ಟು ಹತ್ತಿರ ಸರಿಸಿಕೊಂಡಳು.