ಕುಡಿಯದ ಗುಟುಕು

“ಏ ಮುದ್ಕಿ, ಹಂದಿಗೆ ಕಲಗಚ್ಚು ಇಡೋ ಹಂಗೆ ನೀರಿನ ಬಟ್ಟಲು ಚಾಚ್ತೀಯಲ್ಲೇ. ಎರಡೂ ಕೈಲಿ ಹಿಡಿ. ಒಸಿ ನಗು.”

ಶಾಂತಿ ಸಮಿತಿಯ ಕಾರ್ಯದರ್ಶಿ ಬೆಳಗಿನಿಂದ ಮೂರನೆಯ ಸಲ ಗೋರ್ಪುವಿಗೆ ಕ್ಷಮಿಸುವುದನ್ನು ಕಲಿಸುತ್ತಿದ್ದ. ಮರಗೆಣಸಿನ ಸೊಪ್ಪು ಕುಟ್ಟುತ್ತ ನಾವು ಹೆಂಗಸರು ನೋಡುತ್ತಿದ್ದೆವು. ಕ್ಷಮೆಗೆ ಇಷ್ಟೊಂದು ಕೆಲಸವಿರುವುದು ನಮಗೆ ಗೊತ್ತಿರಲಿಲ್ಲ.

ಕ್ಷಮೆ ಪಡೆಯಬೇಕಾದವನು ರಾಜಧಾನಿ ಮನ್ರೋವಿಯಾದಿಂದ ಬರುತ್ತಿದ್ದ. ಅಂತರ್ಯುದ್ಧದಲ್ಲಿ ಅವನ ಹೆಸರು ಜನರಲ್ ನಿದ್ದೆಗೇಡಿ. ಈಗ ವಾರ್ನಿ ಸಾಹೇಬರು, ನಮ್ಮ ಸೀಮೆಯ ಭದ್ರತಾ ಅಧಿಕಾರಿ. ಯಾರಿಂದ ಭದ್ರತೆ ಎಂದು ಯಾರೂ ಕೇಳಲಿಲ್ಲ. ಹನ್ನೆರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ ಗೋರ್ಪುವಿನ ಮಗಳು ಯಾಸ್ಸಾಳ ತಲೆಗೆ ಅಕ್ಕಿಮೂಟೆ ಹೊರಿಸಿ ಕಾಡಿಗೆ ನಡೆಸಿಕೊಂಡು ಹೋದವನು ಅವನೇ. ಮೂಟೆ ಮಾತ್ರ ತಲುಪಿತಂತೆ.

ಮಾವಿನ ಮರದ ಕೆಳಗೆ ಲಾರಿ ನಿಂತಿತ್ತು, ಅದರೊಳಗೆ ಹೊಸ ಕೈಪಂಪು. ನಮ್ಮದು ಕೆಟ್ಟು ಎರಡು ವರ್ಷ. ಹೊಳೆಯ ನೀರು ಕುಡಿದು ಈ ಮಳೆಗಾಲದಲ್ಲೇ ಐದು ಮಕ್ಕಳನ್ನು ಹೂತಿದ್ದೆವು. ಒಂದು ನನ್ನ ಮೊಮ್ಮಗಳು. ರಾಜಿಯಾದ ಊರಿಗೆ ಮಾತ್ರ ಪಂಪು ಎಂದಿದ್ದ ಕಾರ್ಯದರ್ಶಿ. ಅದಕ್ಕೇ ನಾನೂ ಗೋರ್ಪುವಿನ ಕಾಲು ಹಿಡಿದಿದ್ದೆ, ಒಂದೇ ಗುಟುಕು ಕಣಕ್ಕಾ, ಕುಡಿದು ಕೊಟ್ಟುಬಿಡು ಎಂದು. ನಮ್ಮಲ್ಲಿ ನೀರು ಕೊಡುವವರು ಮೊದಲು ತಾವು ಕುಡಿದು ತೋರಿಸಬೇಕು. ವಿಷವಿಲ್ಲ, ಮಾಟವಿಲ್ಲ, ಮನಸ್ಸಿನಲ್ಲಿ ಹಗೆಯಿಲ್ಲ ಎಂಬುದಕ್ಕೆ ಅದೇ ರುಜುವಾತು. ಹಾಗೆ ಕುಡಿಯದೆ ಕೊಟ್ಟ ನೀರನ್ನು ಎಂಥ ಜನರಲ್ ಕೂಡ ತುಟಿಗೆ ತಾಗಿಸುವುದಿಲ್ಲ.

ಸಾಹೇಬರು ಬಂದರು. ದಪ್ಪಗಾಗಿದ್ದರು. ಹಳೆಯದನ್ನೆಲ್ಲ ಮರೆಯೋಣ ಎಂದು ಭಾಷಣ ಮಾಡಿದರು. ಆಗಲೇ ಮರೆತವರಂತೆ ಕಂಡರು. ಗೋರ್ಪು ಬಟ್ಟಲು ತಂದಳು. ಎರಡೂ ಕೈಯಲ್ಲೇ ಹಿಡಿದಿದ್ದಳು. ಕುಡಿಯದೆ ಚಾಚಿದಳು.

“ನಮ್ ಯಾಸ್ಸಾನ ಎಲ್ಲಿ ಹೂತೆ, ಹೇಳು. ಆಮೇಲೆ ಕುಡೀತೀನಿ.”

ಸಾಹೇಬರ ಜೊತೆ ಬಂದಿದ್ದ ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಸಾಹೇಬ ತುಸು ಬಾಗಿ, ಮರ್ಯಾದೆಯಿಂದಲೇ ಹೇಳಿದ: “ಎಷ್ಟೊಂದು ಹುಡ್ಗೀರಿದ್ರು, ಅವ್ವಾ. ಯಾವ್ದನ್ನ ಅಂತ ನೆನಪಿಟ್ಕೊಳ್ಳಲಿ?”

ಆ ದಿನ ಆಡಿದ ಮಾತುಗಳಲ್ಲಿ ನಿಜ ಅದೊಂದೇ.

“ಕುಡಿಯೇ, ಬೋಳಿಮುಂಡೆ,” ಎಂದು ಕಾರ್ಯದರ್ಶಿ ಹಲ್ಲು ಕಡಿದ. ಗೋರ್ಪು ಅಲುಗಲಿಲ್ಲ. ಅವನು ಲಾರಿ ಡ್ರೈವರನಿಗೆ ಹೊರಡು ಎಂದು ಕೈ ಮಾಡಿದ. ಊರಿನ ಯಜಮಾನ ನಮ್ಮ ಕಡೆ ತಿರುಗಿ, ಯಾರಾದರೂ ಅವಳಿಗೆ ಬುದ್ಧಿ ಹೇಳಿರೇ, ಪಂಪು ಹೋಗುತ್ತದೆ ಎಂದು ಗೋಗರೆದ. ಅವನ ಮಗುವೂ ಆ ಐದರಲ್ಲಿ ಒಂದು.

ನಾನೇ ಎದ್ದೆ. ಕಾರ್ಯದರ್ಶಿಯ ಮುಖ ಅರಳಿತು.

ಗೋರ್ಪುವಿನ ಕೈ ಸೋತು ಬಟ್ಟಲು ಕೆಳಗಿಳಿಯುತ್ತಿತ್ತು. ಬೆಳಗ್ಗೆ ನಾನೇ ಹೊಳೆಯಿಂದ ಹೊತ್ತು ತಂದು ಸೋಸಿದ ನೀರು. ಅದರಲ್ಲೊಂದು ನೊಣ ಬಿದ್ದು ಕಾಲು ಬಡಿಯುತ್ತಿತ್ತು. ಅವಳ ಮೊಣಕೈಗಳಿಗೆ ಕೆಳಗಿನಿಂದ ನನ್ನ ಕೈ ಕೊಟ್ಟು ನಿಂತೆ. ಬಟ್ಟಲು ಸಾಹೇಬನ ಮುಖದ ಮಟ್ಟಕ್ಕೇ ನಿಂತಿತು.

ನಮ್ಮ ಹಿಂದೆ ಪಂಪಿನ ಲಾರಿ ಶುರುವಾಯಿತು.