ಎರಡನೆಯ ಸೀಟಿ

ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಆ ಮನೆಯ ಮುದುಕಿ ಗಂಡ ಬದುಕಿದ್ದಾಗಲೂ ಆತನ ಬಗ್ಗೆ ಒಂದು ಮಾತು ಆಡಿದವಳಲ್ಲ. ಐವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಬಾಳಿದಳು. ಆತನ ನೆನಪಿಗೆಂದು ಜನ ಸೇರಿದ ಬೆಳಿಗ್ಗೆ ಮಾತ್ರ ನಿಜವೊಂದು ಗಂಟಲಿಗೆ ಬಂದು ಕೂತಿತ್ತು. ಮೊಮ್ಮಗಳ ಬಾಳಾದರೂ ಹಗುರಾಗಲಿ, ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟು ಬಂದಿದ್ದಳು.

ಬೀದಿಯವರು ಆತನನ್ನು ಸೀಟಿ ಅಜ್ಜ ಎನ್ನುತ್ತಿದ್ದರು. ಯುದ್ಧದಲ್ಲಿ ಒಂದು ಕಿವಿ ಕಳೆದುಕೊಂಡು ಬಂದವನು ಹಿತ್ತಾಳೆಯ ಸೀಟಿಯೊಂದನ್ನು ಜೊತೆಗೆ ತಂದಿದ್ದ. ಬೆಳಿಗ್ಗೆ ಆರಕ್ಕೆ ಕೋಣೆಯೊಳಗಿಂದ ಒಮ್ಮೆ ಊದಿದರೆ ಮನೆಮಂದಿಯೆಲ್ಲ ಬಾಗಿಲ ಹೊರಗೆ ಸಾಲಾಗಿ ನಿಲ್ಲಬೇಕು. ಎರಡನೆಯ ಸೀಟಿಯಾದ ಮೇಲೆಯೇ ಬಾಗಿಲು ತೆಗೆಯಬೇಕು.

ಕೆಟ್ಟವನೇನಲ್ಲ. ಸಂಜೆ ಎಲ್ಲರ ಬೂಟಿಗೂ ತಾನೇ ಪಾಲಿಶ್ ಹಾಕುತ್ತಿದ್ದ. ಹೆಂಡತಿಗೆ ಜ್ವರ ಬಂದರೆ ತಲೆದೆಸೆ ಬಿಟ್ಟು ಏಳುತ್ತಿರಲಿಲ್ಲ. ಆದರೆ ಮಗ ಎಂಟು ವರ್ಷದವನಿದ್ದಾಗ ಒಂದೇ ಸೀಟಿಗೆ ಬಾಗಿಲು ತಳ್ಳಿದ್ದಕ್ಕೆ, ಪ್ರಜ್ಞೆ ತಪ್ಪಿ ಬೀಳುವವರೆಗೂ ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದ. "ಯುದ್ಧದಲ್ಲಿ ಅಪ್ಪಣೆಗೆ ಮುಂಚೆ ಎದ್ದವರನ್ನ ನಾನು ಹೊತ್ತು ತಂದಿದ್ದೀನಿ ಕಣೇ, ಚೀಲದಲ್ಲಿ," ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ.

ಹೋದ ವಾರ ಒಂದು ಸೀಟಿ ಕೇಳಿತು. ಬಲವಿರಲಿಲ್ಲ. ಮುದುಕಿ, ಮಗ, ಸೊಸೆ, ಮೊಮ್ಮಗಳು ನಾಲ್ವರೂ ಬಂದು ನಿಂತರು. ಒಳಗೆ ಏನೋ ದೊಪ್ಪನೆ ಬಿತ್ತು.

"ಅಜ್ಜಿ, ಬಾಗಿಲು ತೆಗೀಲಾ?" ಎಂದಳು ಮೊಮ್ಮಗಳು.

"ಸುಮ್ನಿರು. ಎರಡನೇದು ಆಗ್ಲಿ."

"ಗೊರಗೊರ ಅಂತಿದಾರೆ ಅತ್ತೆ," ಎಂದಳು ಸೊಸೆ.

"ನನ್ನ ಗಂಡನ ವಿಷಯ ನನಗೇ ಹೇಳಿಕೊಡ್ತೀಯಾ? ನಮ್ಮನ್ನ ಪರೀಕ್ಷೆ ಮಾಡ್ತಿದಾರೆ."

ಮಗ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತ. ಇಪ್ಪತ್ತು ನಿಮಿಷಕ್ಕೆ ಒಳಗಿನ ಸದ್ದು ನಿಂತಿತು. ಇವರು ಇನ್ನೂ ನಿಂತೇ ಇದ್ದರು. ಬಿದ್ದ ಕೂಡಲೇ ಎತ್ತಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಆಮೇಲೆ ಹೇಳಿದರು.

ಈಗ ಜನ ತುಂಬಿದ ನಡುಮನೆಯಲ್ಲಿ ಮಗ ಎದ್ದು ನಿಂತು ಹೇಳಿದ: "ಅಪ್ಪ ಕೊನೆಯುಸಿರು ಎಳೆಯೋವಾಗ್ಲೂ ನಾವು ಸಾಲು ಮುರೀಲಿಲ್ಲ."

"ಮನೆ ಅಂದ್ರೆ ಇದು," ಎಂದ, ಸತ್ತವನ ಜೊತೆ ಸೈನ್ಯದಲ್ಲಿದ್ದ ಮುದುಕ. "ನಾನು ಸತ್ರೆ ನಮ್ಮ ಮನೇಲಿ ಟೀವಿ ಸದ್ದು ಕಮ್ಮಿ ಮಾಡಿದ್ರೆ ಅದೇ ದೊಡ್ಡದು."

ಜನ ನಕ್ಕರು. ಮುದುಕಿ ಗೋಡೆ ಹಿಡಿದು ಎದ್ದಳು. "ಅವತ್ತು ಬಾಗಿಲು ತೆಗೀಬಾರದು ಅಂತ ತಡೆದವಳು..."

"ಒಂದ್ನಿಮಿಷ ತಡಿಯಮ್ಮ," ಎಂದು ಮುದುಕ ಪಟದ ಮುಂದಿದ್ದ ಸೀಟಿಯನ್ನು ಮಗನ ಕೈಗಿತ್ತ. "ಮೊದಲು ಇದನ್ನ ಊದಪ್ಪ. ನಮ್ಮವನಿಗೆ ಕೇಳಿಸ್ಲಿ."

ಮಗ ಕಣ್ಣು ಒರೆಸಿಕೊಂಡು ಉಸಿರು ಕಟ್ಟಿ ಊದಿದ. ಒಂದು ಸಲ.

ಮೊಮ್ಮಗಳು ತಟ್ಟನೆ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಸೊಸೆ ಅವಳ ಪಕ್ಕಕ್ಕೆ ಬಂದಳು. ಮುದುಕಿಯ ಬಾಯಿ ಮುಚ್ಚಿಕೊಂಡಿತು. ಹಿಮ್ಮಡಿಗಳು ಅವಳನ್ನು ಕೇಳದೆಯೇ ಕೂಡಿಕೊಂಡಿದ್ದವು. ಸೀಟಿ ಹೇಗೆ ಕೂಗಿತು ನೋಡಿ ಎಂದು ಜನ ತಲೆದೂಗಿದರು. ಮಗ ಅದನ್ನು ಅಂಗಿಗೆ ಒರೆಸಿ, ಕೊರಳಿಗೆ ಹಾಕಿಕೊಂಡು, ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದ.

"ಅಜ್ಜಿ, ಎರಡನೇದು ಊದ್ಲೇ ಇಲ್ಲ. ಹೋಗ್ಲಾ?"

ದೇವರಿಗೆ ಕೊಟ್ಟ ಮಾತು ಮುದುಕಿಗೆ ನೆನಪಿತ್ತು. ಅವಳು ಎದುರಿನ ಗೋಡೆಯನ್ನೇ ನೋಡುತ್ತ ಹೇಳಿದಳು:

"ನಿಂತಿರು."